ಕೂಗದ ವಾಲೀಕಾರ

ತೋಟದ ಮನೆ, ಎಂ.ಕೆ. ಹುಬ್ಬಳ್ಳಿ
8 ಜುಲೈ 2024

ಮೊಮ್ಮಗಳು ಸ್ನೇಹಲ್‌ಗೆ ನಿನ್ನ ಆಯಿ ಚನ್ನವ್ವ ಬರೆಯುವುದು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು ಅಂತ ಮೂರನೆಯ ಇಯತ್ತೆಯ ಮಾಸ್ತರರು ಕಲಿಸಿದ್ದರು. ಕ್ಷೇಮ ಇಲ್ಲದಿದ್ದರೆ ಏನು ಬರೆಯಬೇಕು ಅನ್ನುವುದು ನಾಲ್ಕನೆಯ ಇಯತ್ತೆಯ ಪಾಠ ಇರಬೇಕು. ಅದಕ್ಕೆ ನನ್ನನ್ನು ಕಳಿಸಲಿಲ್ಲ.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಬೇಡ. ಫೋನು ನಿಮ್ಮಪ್ಪ ಸಿದ್ಧಾರೂಢನ ಕಿಸೆಯಲ್ಲಿರುತ್ತದೆ. ನನ್ನ ಕೈಗೆ ಕೊಡುವ ಮೊದಲು ಅದರ ಗಂಟಲು ದೊಡ್ಡದು ಮಾಡಿ ಕಟ್ಟೆಯ ಮೇಲೆ ಇಡುತ್ತಾನೆ. ನಾನು ನಿನ್ನ ಹತ್ತಿರ ಮೆಲ್ಲಗೆ ಕೆಮ್ಮಿದರೂ ಒಳಗಿಂದ ನಿಮ್ಮವ್ವ ಮೀನಾ "ಬಿಸಿನೀರು ಕೊಡಲೇನ್ರಿ ಅತ್ತಿ?" ಅನ್ನುತ್ತಾಳೆ. ನೀನು ಹಾಸ್ಟೆಲಿಗೆ ಹೋದ ದಿನದಿಂದ ನಮ್ಮಿಬ್ಬರದು ಕಾಗದದ ಕರಾರು. ಅದೇ ನಡೆಯಲಿ.

ಸುದ್ದಿ ಏನೆಂದರೆ ನನ್ನ ಎದೆಯಲ್ಲಿ ಒಂದು ಗಂಟು ಎದ್ದಿದೆ. ದೊಡ್ಡದೇನಲ್ಲ, ಗುಲಗಂಜಿಯಷ್ಟು. ಹೋದ ತಿಂಗಳು ಮೈ ತೊಳೆದುಕೊಳ್ಳುವಾಗ ಕೈಗೆ ಹತ್ತಿತು. ಬೈಲಹೊಂಗಲಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರ್ ಬಾಯಿ ಒಳ್ಳೆಯ ಹೆಂಗಸು, ಕೈ ಬೆಚ್ಚಗೆ ಮಾಡಿಕೊಂಡು ಮುಟ್ಟಿದಳು. ಸೂಜಿ ಚುಚ್ಚಿ ಏನೋ ತೆಗೆದು ಬೆಳಗಾವಿಗೆ ಕಳಿಸಿದಳು. ಎಂಟು ದಿನಕ್ಕೆ ಇಂಗ್ಲಿಷ್ ಕಾಗದ ಬಂತು. ಸಿದ್ಧಾರೂಢ ಓದಿದ, ಮಡಚಿದ, ಹೇಳಿದ: "ಏನಿಲ್ಲವ್ವಾ. ಹಾಲಿನ ಗಂಟು. ತಾನ ಕರಗತೈತಿ."

ಎಪ್ಪತ್ತೊಂದು ವರ್ಷದವಳಿಗೆ ಹಾಲಿನ ಗಂಟಂತೆ! ಇವನಿಗೆ ಹಾಲು ಬಿಡಿಸಿ ನಲವತ್ತೆಂಟು ವರ್ಷ ಆಯಿತು. ಈಗ ಯಾರಿಗೆ ಕುಡಿಸಲಿ, ಕಬ್ಬಿನ ಲಾರಿಯವರಿಗೆ?

ಆದರೂ ಒಂದು ಮಾತು ಒಪ್ಪಬೇಕು. ಮನೆಯವರು ಇತ್ತೀಚೆಗೆ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಕರೆದರೂ ಬಾರದ ನಿಮ್ಮಪ್ಪ ತಾನಾಗಿ ಗಾಡಿ ಮಾಡಿ ಸವದತ್ತಿ ಗುಡ್ಡಕ್ಕೆ ಕರೆದೊಯ್ದು ಎಲ್ಲಮ್ಮನ ದರ್ಶನ ಮಾಡಿಸಿದ. ಮೀನಾ ನನಗೆಂದೇ ಹೊಸ ಸ್ಟೀಲಿನ ತಾಟು, ತಂಬಿಗೆ, ವಾಟಗಾ ತಂದು ಅದರ ಮೇಲೆ 'ಚನ್ನವ್ವ' ಅಂತ ಹೆಸರು ಹಾಕಿಸಿದ್ದಾಳೆ. ಲಗ್ನದಲ್ಲಿ ಬಂದ ಪಾತ್ರೆಗಳ ಮೇಲೂ ನಿಮ್ಮಜ್ಜ ಕಾಡಪ್ಪನ ಹೆಸರೇ ಇತ್ತು. ನನ್ನ ಹೆಸರು ಪಾತ್ರೆಯ ಮೇಲೆ ಬಂದದ್ದು ಇದೇ ಮೊದಲು. ಇಪ್ಪತ್ತೊಂಬತ್ತು ವರ್ಷ ಸುಮ್ಮಸುಮ್ಮನೆ ಬೈದೆನಲ್ಲ ಈ ಸೊಸೆಯನ್ನು ಅನಿಸಿತು.

ಇರಲಿ. ನೀನು ಪುಣೆಯಲ್ಲಿ ಮೂರು ವರ್ಷದಿಂದ ಯಾವುದೋ ಒಂದು ಕಣ ನೋಡುತ್ತ ಕೂತಿದ್ದೀಯಂತೆ. ಕೇಳಿದವರಿಗೆ "ನನ್ನ ಮೊಮ್ಮಗಳು ಕಣ ನೋಡತಾಳ" ಅಂದರೆ "ಜೋಳದ ಕಣಾ ಏನ್ರಿ?" ಅನ್ನುತ್ತಾರೆ. ಎಂಥ ಕಣ, ಏನು ಮಾಡುತ್ತದೆ, ನನಗೆ ತಿಳಿಯುವ ಹಾಗೆ ಬರೆ.

ಆಯಿ


ಪುಣೆ
19 ಜುಲೈ 2024

ಪ್ರೀತಿಯ ಆಯಿಗೆ,

ನಿನ್ನ ಕಾಗದ ಮೂರು ದಿನ ಮೇಜಿನ ಮೇಲೇ ಇತ್ತು. ಕೆಲಸ ಬಹಳ. ಬೇಸರ ಮಾಡಿಕೊಳ್ಳಬೇಡ.

ನಾನು ನೋಡುವುದು ಡೆಂಡ್ರೈಟಿಕ್ ಕಣ. ಅದಕ್ಕೆ ಮರದ ರೆಂಬೆಗಳ ಹಾಗೆ ಸುತ್ತಲೂ ಕೈಗಳು. ನಮ್ಮ ಚರ್ಮದ ಕೆಳಗೆ, ಕರುಳಲ್ಲಿ, ಎದೆಯಲ್ಲಿ, ಎಲ್ಲ ಕಡೆ ಈ ಕಣಗಳು ಕೈ ಚಾಚಿ ಸಿಕ್ಕಿದ್ದನ್ನು ಮುಟ್ಟಿ ನೋಡುತ್ತಿರುತ್ತವೆ. ಆದರೆ ಇವು ಜಗಳ ಆಡುವುದಿಲ್ಲ. ಕೆಟ್ಟದ್ದು ಸಿಕ್ಕರೆ ಅದರ ಒಂದು ತುಂಡು ತೆಗೆದುಕೊಂಡು ಹತ್ತಿರದ ಗ್ರಂಥಿಗೆ ನಡೆದು ಹೋಗುತ್ತವೆ. ಕುತ್ತಿಗೆಯಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಅಂಥ ಸಣ್ಣ ಗ್ರಂಥಿಗಳಿವೆ. ಅಲ್ಲಿ ಟಿ ಕಣ ಎಂಬ ಪೈಲವಾನರು ಕೂತಿರುತ್ತಾರೆ. ಅವರಿಗೆ ಬಲ ಇದೆ, ಆದರೆ ಯಾರ ಮೇಲೆ ಬೀಳಬೇಕು ಗೊತ್ತಿಲ್ಲ. ನನ್ನ ಕಣ ಹೋಗಿ ತುಂಡು ತೋರಿಸಬೇಕು. ಆಗ ಅವರು ಏಳುತ್ತಾರೆ.

ಆಯಿ, ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ನೀನು ಹೇಳಿದ್ದೆ. ಅಜ್ಜನ ಕಬ್ಬಿಗೆ ಕೆಂಪು ಕೊಳೆ ರೋಗ ಬಿದ್ದ ವರ್ಷ ನೆನಪು ಮಾಡಿಕೋ. ಸೀಳಿದರೆ ಒಳಗೆ ಕೆಂಪು, ನಡುನಡುವೆ ಬಿಳಿ ಮಚ್ಚೆ, ಹುಳಿ ಹೆಂಡದ ವಾಸನೆ ಅನ್ನುತ್ತಿದ್ದೆ. ಹೊರಗೆ ಗೊತ್ತಾದರೆ ನಮ್ಮ ಬೀಜದ ಕಬ್ಬು ಯಾರೂ ಒಯ್ಯುವುದಿಲ್ಲ ಎಂದು ಅಜ್ಜ ಬಾಯಿ ಮುಚ್ಚಿಸಿದ. ನೀನು ರೋಗದ ಕಬ್ಬಿನ ಒಂದು ಗಣಿಕೆ ಮುರಿದು ಉಡಿಯಲ್ಲಿ ಕಟ್ಟಿಕೊಂಡು, ನಾಲ್ಕು ಮೈಲಿ ನಡೆದು, ಕಾರ್ಖಾನೆಯ ಕೃಷಿ ಸಾಹೇಬರ ಮೇಜಿನ ಮೇಲೆ ಇಟ್ಟೆ. ಅವರು ಬಂದು ರೋಗದ ಗಡ್ಡೆಗಳನ್ನು ಕೀಳಿಸಿ ಸುಡಿಸಿದರು. ಉಳಿದ ಕಬ್ಬು ಉಳಿಯಿತು. ಅಜ್ಜ ಎಂಟು ದಿನ ನಿನ್ನೊಂದಿಗೆ ಮಾತಾಡಲಿಲ್ಲ. ನನ್ನ ಕಣ ಮಾಡುವುದು ಅದನ್ನೇ.

ಗಂಟಿನ ಬಗ್ಗೆ ಅಪ್ಪ ಹೇಳಿದ್ದಾನಲ್ಲ. ಆದರೂ ಇನ್ನೊಮ್ಮೆ ಡಾಕ್ಟರಿಗೆ ತೋರಿಸು. ಅಪ್ಪನಿಗೆ ನಾನೂ ಹೇಳುತ್ತೇನೆ. ಚಿಂತೆ ಮಾಡಬೇಡ, ಚೆನ್ನಾಗಿ ಊಟ ಮಾಡು.

ನಿನ್ನ ಸ್ನೇಹಲ್


ತೋಟದ ಮನೆ
11 ಆಗಸ್ಟ್ 2024

ಸ್ನೇಹಲ್,

ಪಂಚಮಿ ಹಬ್ಬದ ಉಂಡಿ ಕಟ್ಟುವುದರಲ್ಲಿ ಉತ್ತರ ತಡವಾಯಿತು. ನಿನ್ನ ಕಾಗದ ನಾಲ್ಕು ಸಲ ಓದಿದೆ. ಗಣಿಕೆಯ ಕಥೆ ಬರೆದದ್ದಕ್ಕೆ ಸಂತೋಷ. ಆದರೆ ಅದರಲ್ಲಿ ಒಂದು ಬಿಟ್ಟಿದ್ದೀ. ನಾನು ಗಣಿಕೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಡಲಿಲ್ಲ. ಸಾಹೇಬ ಚಹಾ ಕುಡಿಯುತ್ತಿದ್ದ. "ಏನವ್ವಾ, ಹೊರಗ ಕುಂದರು" ಅಂದ. ಗಣಿಕೆ ಎತ್ತಿ ಮೇಜಿಗೆ ಹೊಡೆದೆ. ಕಪ್ಪು ಉರುಳಿತು. "ಕುಂದರಾಕ ಬಂದಿಲ್ರಿ ಸಾಹೇಬ್ರ, ಹೊಲಾ ಕೊಳ್ಯಾಕ ಹತ್ತೈತಿ!" ಅಂತ ಇಡೀ ಆಫೀಸು ಎದ್ದು ನಿಲ್ಲುವ ಹಾಗೆ ಕೂಗಿದೆ. ಆಮೇಲೆ ಎದ್ದ ಅವನು. ಸುಮ್ಮನೆ ಇಟ್ಟು ಬಂದಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿತ್ತು ಆ ಗಣಿಕೆ.

ನಿನ್ನ ಕಣಕ್ಕೆ ಆ ಉದ್ದ ಹೆಸರು ಯಾಕೆ? ಅದು ವಾಲೀಕಾರ. ನಾನು ಸಣ್ಣವಳಿದ್ದಾಗ ಊರಲ್ಲಿ ಯಾರ ಬಣವೆಗೆ ಬೆಂಕಿ ಬಿದ್ದರೂ, ಯಾರ ಬದು ಯಾರು ಒತ್ತಿದರೂ ವಾಲೀಕಾರ ಓಡಿ ಬಂದು ಚಾವಡಿಯಲ್ಲಿ ಹೇಳುತ್ತಿದ್ದ. ಅವನು ಬಾರದೆ ಚಾವಡಿಯ ಹಿರಿಯರು ಎಲೆ ಅಡಿಕೆ ಬಿಟ್ಟು ಏಳುತ್ತಿರಲಿಲ್ಲ.

ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು. ಮೈತುಂಬ ವಾಲೀಕಾರರು ಇದ್ದರೆ ಗಡ್ಡೆ ಅನ್ನುವುದು ಯಾರಿಗೂ ಬೆಳೆಯಬಾರದಲ್ಲ? ನಮ್ಮ ಓಣಿಯ ಲಗಮವ್ವನಿಗೆ ಯಾಕೆ ಬೆಳೆಯಿತು? ಆಗ ಅವಳ ವಾಲೀಕಾರ ಎಲ್ಲಿ ಬಿದ್ದುಕೊಂಡಿದ್ದ? ಲಗಮವ್ವ ರೋಗದ ಹೆಸರು ಕೇಳಿದ ತಿಂಗಳಿಗೆ ಸತ್ತಳು. ಹೆಸರಿಗೇ ಸತ್ತಳು, ರೋಗಕ್ಕಲ್ಲ ಅಂತ ಊರೆಲ್ಲ ಹೇಳುತ್ತದೆ.

ಇನ್ನೊಂದು ವಿಚಿತ್ರ. ರಾಮದುರ್ಗದ ಕಡೆಯಿಂದ, ಸಾಲಹಳ್ಳಿಯಿಂದ, ನಿನ್ನ ಸೋದರತ್ತೆ ನಾಗರತ್ನಾ ಪಂಚಮಿಗೆ ಬಂದಿದ್ದಳು. ಬೆಳ್ಳುಳ್ಳಿ ಸುಲಿಯುತ್ತ ಕೂತವಳ ಕಣ್ಣಲ್ಲಿ ಧಾರೆಧಾರೆ ನೀರು. ಯಾಕೆ ಅಂದರೆ "ಬಳ್ಳೊಳ್ಳಿ ಖಾರ ಐತವ್ವಾ" ಅಂದಳು. ಐವತ್ತು ವರ್ಷ ಅಡಿಗೆ ಮಾಡಿದವಳ ಮುಂದೆ ಹೇಳುತ್ತಾಳೆ! ಉಳ್ಳಾಗಡ್ಡಿಗೆ ಅಳುತ್ತಾರೆ, ಬೆಳ್ಳುಳ್ಳಿಗೆ ಯಾರೂ ಅಳುವುದಿಲ್ಲ. ಗಂಡನೊಂದಿಗೆ ಜಗಳ ಇರಬೇಕು.

ಗಂಟು ಇದ್ದಲ್ಲೇ ಇದೆ. ನನಗೇನಾದರೂ ಆಗಿದ್ದರೆ ಇವರು ಮುಚ್ಚಿಟ್ಟಾರು, ನೀನು ಮುಚ್ಚಿಡುವವಳಲ್ಲ. ಆ ಒಂದು ಧೈರ್ಯದ ಮೇಲೆ ರಾತ್ರಿ ನಿದ್ದೆ ಮಾಡುತ್ತೇನೆ.

ಆಯಿ


ಪುಣೆ
20 ಆಗಸ್ಟ್ 2024

ಪ್ರೀತಿಯ ಆಯಿಗೆ,

ವಾಲೀಕಾರ ಎಂಬ ಹೆಸರನ್ನು ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿದೆ. ನನ್ನ ಜೊತೆ ಕೆಲಸ ಮಾಡುವ ಗೌತಮ ಡಬ್ಬಿಗಳ ಮೇಲೆ ಹಾಗೇ ಬರೆದು ಅಂಟಿಸಿದ್ದಾನೆ.

ನಿನ್ನ ಪ್ರಶ್ನೆಯ ಮೇಲೇ ನನ್ನ ಇಡೀ ಕೆಲಸ ನಿಂತಿದೆ. ವಾಲೀಕಾರ ಎಲ್ಲಿ ಬಿದ್ದುಕೊಂಡಿದ್ದ? ಅವನು ಅಲ್ಲೇ ಇದ್ದ ಆಯಿ. ಗಡ್ಡೆಯ ಬಾಗಿಲಲ್ಲೇ. ಗಡ್ಡೆ ಬಹಳ ಜಾಣ. ಅದು ಬಿಡುವ ಕೆಲವು ರಸಗಳು ತಾಗಿದರೆ ಈ ಕಣ ಬಲಿಯುವುದಿಲ್ಲ, ಎಳೆಯದಾಗಿಯೇ ಉಳಿಯುತ್ತದೆ. ಪೈಲವಾನರನ್ನು ಎಬ್ಬಿಸಲು ಎರಡು ಬೇಕು. ಒಂದು ತುಂಡು, ಇನ್ನೊಂದು ಕೂಗು. ಕಣ ತುಂಡು ತೋರಿಸುವಾಗ ಅಪಾಯ ಅಪಾಯ ಎಂಬ ಸಂಕೇತವನ್ನೂ ಕೊಡಬೇಕು. ನೀನು ಮೇಜಿಗೆ ಹೊಡೆದ ಹಾಗೆ. ಗಡ್ಡೆ ಆ ಕೂಗನ್ನು ಅಡಗಿಸುತ್ತದೆ. ಆಗ ಕಣ ತುಂಡನ್ನು ಮೆಲ್ಲಗೆ ತೋರಿಸುತ್ತದೆ. ಪೈಲವಾನರು ನೋಡಿ, ಇದು ನಮ್ಮದೇ, ಇರಲಿ ಬಿಡು ಎಂದು ಮಲಗಿಬಿಡುತ್ತಾರೆ. ಆಮೇಲೆ ನಿಜವಾಗಿ ಕೂಗಿದರೂ ಅವರನ್ನು ಎಬ್ಬಿಸುವುದು ಕಷ್ಟ. ಏನೂ ತೋರಿಸದಿರುವುದಕ್ಕಿಂತ ಕೂಗಿಲ್ಲದೆ ತೋರಿಸುವುದು ಕೆಡುಕು.

ಕೂಗು ಮರೆತ ಕಣಕ್ಕೆ ಮತ್ತೆ ಕೂಗಲು ಕಲಿಸಬಹುದೇ ಎಂದು ನಾವು ನೋಡುತ್ತಿದ್ದೇವೆ.

ಎದೆಯ ಭಾಗದ ಸುದ್ದಿ ಹೋಗುವುದು ಕಂಕುಳ ಚಾವಡಿಗೆ. ನಿನ್ನ ಎಡ ಕಂಕುಳಿನದು ಕೈ ಎತ್ತುವಾಗ ನೋಯುತ್ತದೆಯೇ? ನೋಯುತ್ತಿದ್ದರೆ ಬಿಸಿ ಶಾಖ ಕೊಡಬೇಡ, ಯಾರಿಂದಲೂ ತಿಕ್ಕಿಸಿಕೊಳ್ಳಬೇಡ. ಅಪ್ಪನಿಗೆ ಹೇಳಿ ಆದಷ್ಟು ಬೇಗ ಡಾಕ್ಟರ ಹತ್ತಿರ ಹೋಗು.

ನಿನ್ನ ಸ್ನೇಹಲ್


ತೋಟದ ಮನೆ
27 ಆಗಸ್ಟ್ 2024

ಸ್ನೇಹಲ್,

ಎಡ ಕಂಕುಳು.

ಈ ಎರಡು ಶಬ್ದ ನಿನ್ನ ಕಾಗದಕ್ಕೆ ಎಲ್ಲಿಂದ ಬಂದವು? ನಾನು ಎದೆ ಅಂತ ಬರೆದಿದ್ದೆ. ಎಡ ಅಂತ ಬರೆದಿಲ್ಲ. ಕಂಕುಳು ಅಂತ ಬರೆದೇ ಇಲ್ಲ. ಒಂದು ಕಾಗದಕ್ಕೆ ಎಂಟು ದಿನ ಯೋಚನೆ ಮಾಡುವವಳು ನಾನು, ಏನು ಬರೆದೆ ಏನು ಬಿಟ್ಟೆ ಗೊತ್ತಿದೆ. ಬೈಲಹೊಂಗಲದ ಡಾಕ್ಟರ್ ಬಾಯಿ ಕಂಕುಳಲ್ಲಿ ಎರಡನೆಯ ಸೂಜಿ ಚುಚ್ಚಿದಾಗ ನಿಮ್ಮಪ್ಪ ಹೊರಗೆ ಬೆಂಚಿನ ಮೇಲಿದ್ದ, ನಿಮ್ಮವ್ವ ಪರದೆಯ ಆಚೆ ಇದ್ದಳು. ನಾನು ಯಾರಿಗೂ ಹೇಳಲಿಲ್ಲ. ಹಾಗಾದರೆ ಅದು ಇರುವುದು ಒಂದೇ ಕಡೆ. ಆ ಇಂಗ್ಲಿಷ್ ಕಾಗದದಲ್ಲಿ.

ನೀನು ಅದನ್ನು ಓದಿದ್ದೀ.

ಹಾಲಿನ ಗಂಟಿಗೆ ಕಂಕುಳಲ್ಲಿ ಸೂಜಿ ಯಾಕೆ ಚುಚ್ಚುತ್ತಾರೆ ಅಂತ ಕೇಳುವಷ್ಟು ಬುದ್ಧಿ ನನಗಿತ್ತು. ಕೇಳಲಿಲ್ಲ. ಮೊಮ್ಮಗಳು ಅಂಥದ್ದನ್ನೇ ಕಲಿಯುತ್ತಿದ್ದಾಳೆ, ಏನಾದರೂ ಇದ್ದರೆ ಬರೆಯುತ್ತಾಳೆ ಅಂತ ಕೂತೆ. ನೀನೋ, ವಾಲೀಕಾರ, ಪೈಲವಾನ, ಚಾವಡಿ ಅಂತ ನನಗೆ ಕಥೆ ಹೇಳಿದೆ! ನಾನು ಕಿವಿಗೆ ಕೈ ಹಚ್ಚಿ ಕೇಳಿದೆ! ನಾಲ್ಕು ನಾಲ್ಕು ಸಲ ಓದಿದೆ! ನಿನ್ನ ಬಾಯಿಂದಲೇ ಬಂದ ಮಾತು: ಕೂಗಿಲ್ಲದೆ ತೋರಿಸುವುದು ಕೆಡುಕು. ನೀನು ಮಾಡಿದ್ದು ಅದೇ. ತುಂಡು ತೋರಿಸಿದೆ, ಕೂಗಲಿಲ್ಲ. ಊಟ ಮಾಡು, ಚಿಂತೆ ಮಾಡಬೇಡ, ಡಾಕ್ಟರಿಗೆ ತೋರಿಸು ಅಂತ ಬೆಲ್ಲ ಸವರಿ ತೋರಿಸಿದೆ. ನಾನೂ ಇರಲಿ ಬಿಡು ಅಂತ ಮಲಗಿದೆ.

ನಾನು ಕಬ್ಬಿನ ಗಣಿಕೆ ಉಡಿಯಲ್ಲಿ ಕಟ್ಟಿಕೊಂಡು ನಾಲ್ಕು ಮೈಲಿ ನಡೆದವಳು, ಗಂಡನ ಬೈಗಳು ತಲೆಯ ಮೇಲೆ ಹೊತ್ತು. ನಿನಗೆ ನಡೆಯುವ ಕೆಲಸವೂ ಇರಲಿಲ್ಲ. ಐದು ರೂಪಾಯಿಯ ಪಾಕೀಟಿನಲ್ಲಿ ಒಂದು ಶಬ್ದ ಬರೆದು ಹಾಕಿದ್ದರೆ ಸಾಕಿತ್ತು. ಕಣಕ್ಕೆ ಕೂಗು ಕಲಿಸುವವಳಂತೆ. ಮೊದಲು ನೀನು ಕಲಿ.

ಈಗ ಎಲ್ಲ ತಿಳಿಯಿತು. ಬೆಳ್ಳುಳ್ಳಿಗೆ ಬಂದ ಕಣ್ಣೀರು ತಿಳಿಯಿತು. ಸವದತ್ತಿ ಗುಡ್ಡ ತಿಳಿಯಿತು. ಆ ತಾಟು ತಿಳಿಯಿತು! ಲಗಮವ್ವನಿಗೂ ಅವಳ ಮನೆಯವರು ಹೊಸ ತಾಟು ಕೊಟ್ಟಿದ್ದರು. ಬೇರೆ ತಾಟು, ಬೇರೆ ತಂಬಿಗೆ. ತೊಳೆದು ಬೇರೆ ಕಡೆ ಬೋರಲು ಹಾಕುತ್ತಿದ್ದರು, ರೋಗ ಹತ್ತುತ್ತದೆ ಅಂತ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂಡಲು ಬಿಡಲಿಲ್ಲ. ಅವಳು ಹೆಸರು ಕೇಳಿ ಸಾಯಲಿಲ್ಲ ಸ್ನೇಹಲ್, ಬೇರೆ ತಾಟಿನಲ್ಲಿ ಉಂಡು ಸತ್ತಳು. ನಾನು ದಡ್ಡಿ, ನನ್ನ ಹೆಸರು ಹಾಕಿಸಿದ್ದಾರೆ ಅಂತ ಆ ತಾಟನ್ನು ಸೆರಗಿನಿಂದ ಒರೆಸಿ ಒರೆಸಿ ಇಡುತ್ತಿದ್ದೆ. ಹೆಸರು ಹಾಕಿಸಿದ್ದು ಗೌರವಕ್ಕಲ್ಲ, ಮತ್ತೊಬ್ಬರು ತಪ್ಪಿ ಮುಟ್ಟದಿರಲಿ ಅಂತ.

ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ಬಿಟ್ಟರೆ ಇನ್ನೊಂದು ಹಾಲಿನ ಕಥೆ ಕಟ್ಟುತ್ತಾರೆ. ನೀನು ಒಂದು ಕೆಲಸ ಮಾಡು. ಆ ಇಂಗ್ಲಿಷ್ ಕಾಗದವನ್ನು ಕನ್ನಡದಲ್ಲಿ ಬರೆದು ಕಳಿಸು. ದೊಡ್ಡ ಅಕ್ಷರ. ವಾಲೀಕಾರ ಬೇಡ, ಪೈಲವಾನ ಬೇಡ, ಬೆಲ್ಲ ಬೇಡ. ಮೈ ನನ್ನದು. ಅದರಲ್ಲಿ ಏನಾಗಿದೆ ಅಂತ ಪುಣೆಗೆ ಗೊತ್ತು, ಸಾಲಹಳ್ಳಿಗೆ ಗೊತ್ತು, ನನಗೆ ಗೊತ್ತಿಲ್ಲ.

ಚನ್ನವ್ವ


ಪುಣೆ
2 ಸೆಪ್ಟೆಂಬರ್ 2024

ಆಯಿ,

ಕಾಗದದಲ್ಲಿ ಇರುವುದು ಇದು.

ನಿನ್ನ ಎಡ ಸ್ತನದಲ್ಲಿ ಗಡ್ಡೆ ಇದೆ. ಮೂರು ಸೆಂಟಿಮೀಟರ್, ದೊಡ್ಡ ಬಾರಿಹಣ್ಣಿನಷ್ಟು. ಅದು ಕ್ಯಾನ್ಸರ್. ಎಡ ಕಂಕುಳ ಒಂದು ಗ್ರಂಥಿಯಲ್ಲೂ ಕ್ಯಾನ್ಸರ್ ಕಣ ಸಿಕ್ಕಿದೆ. ಹಾರ್ಮೋನಿನ ಗುಳಿಗೆಗೆ ಬಗ್ಗುವ ಜಾತಿ, ಅದು ಒಳ್ಳೆಯ ಸುದ್ದಿ. ಬೇರೆ ಕಡೆ ಹರಡಿದೆಯೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ಸ್ಕ್ಯಾನ್ ಮಾಡಬೇಕು. ಡಾಕ್ಟರ್ ಕೆಳಗೆ ಕೈಯಲ್ಲಿ ಬರೆದಿದ್ದಾರೆ: ಬೇಗ ಸ್ಕ್ಯಾನ್, ನಂತರ ಆಪರೇಷನ್, ತಡ ಮಾಡಬಾರದು. ಆ ಕಾಗದದ ದಿನಾಂಕ ಜೂನ್ 24.

ಅಪ್ಪ ಅದೇ ದಿನ ನನಗೆ ಫೋಟೋ ಕಳಿಸಿದ. ಆಪರೇಷನ್ ಮಾಡಿಸು, ಆಯಿಗೆ ಹೇಳು ಎಂದು ಮೂರು ಸಲ ಜಗಳ ಆಡಿದೆ. "ಹೆಸರು ಕೇಳಿದ್ರ ಎದಿ ಒಡಕೊಂಡು ಸಾಯತಾಳ. ಆಮ್ಯಾಲ ನೀ ಹೇಳಿ ಕೊಂದಿ ಅಂತ ಆಗತೈತಿ, ನೋಡು" ಅಂದ. ಆ ಮಾತಿಗೆ ನನ್ನ ಬಾಯಿ ಕಟ್ಟಿತು. ಕಥೆ ಹೇಳಿದರೆ ನೀನೇ ಅರ್ಥ ಮಾಡಿಕೊಂಡು ಕೇಳುತ್ತೀ, ಆಗ ಹೇಳಿದ ಪಾಪ ನನ್ನದಾಗುವುದಿಲ್ಲ ಎಂದುಕೊಂಡೆ. ಅದು ಹೇಡಿತನ.

ನೀನು ಕೇಳುತ್ತೀ ಎಂದು ಮೊದಲೇ ಬರೆಯುತ್ತೇನೆ. ನನ್ನ ಲ್ಯಾಬಿನ ಕಣ ಇವತ್ತು ನಿನಗೆ ಔಷಧ ಅಲ್ಲ. ಕಣಕ್ಕೆ ಪಾಠ ಹೇಳಿ ಮೈಗೆ ಮರಳಿ ಬಿಡುವ ಪ್ರಯತ್ನಗಳು ನಡೆದಿವೆ. ಕೆಲವರಿಗೆ ಸ್ವಲ್ಪ ಉಪಯೋಗ, ಹಲವರಿಗೆ ಇಲ್ಲ. ಅದರ ಆಸೆ ಹಚ್ಚುವವರು ಬಂದರೆ ನಂಬಬೇಡ. ನಿನಗೆ ಈಗ ಚಾಕು, ಆಮೇಲೆ ಗುಳಿಗೆ. ಬೇರೆ ಔಷಧ ಬೇಕೋ ಡಾಕ್ಟರ್ ಹೇಳುತ್ತಾರೆ.

ಇದು ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ, ಒಂದೇ ತಂಬಿಗೆಯಿಂದ ಕುಡಿದರೆ ಹತ್ತುವ ರೋಗವಲ್ಲ. ಈ ಸಾಲನ್ನು ಅವ್ವನಿಗೆ ಎರಡು ಸಲ ಓದಿ ಹೇಳು.

ಸ್ನೇಹಲ್


ತೋಟದ ಮನೆ
13 ಸೆಪ್ಟೆಂಬರ್ 2024

ಸ್ನೇಹಲ್,

ಓದಿದೆ. ಮನೆಯಲ್ಲಿ ಗಣಪ್ಪ ಕೂತಿದ್ದ ದಿನವೇ ಓದಿದೆ, ಎಲ್ಲರ ಮುಂದೆ, ಗಟ್ಟಿಯಾಗಿ. ನಾಗರತ್ನಾಳನ್ನೂ ಸಾಲಹಳ್ಳಿಯಿಂದ ಕರೆಸಿದ್ದೆ. ಆರತಿ ಮುಗಿಯಿತು. ಪಡಸಾಲೆಯ ನಡುವೆ ಮಣೆ ಹಾಕಿಕೊಂಡು ಕೂತು ಮೂಗಿಗೆ ಚಾಳೀಸು ಏರಿಸಿದೆ.

"ಕುಂದರ್ರಿ ಎಲ್ಲಾರೂ," ಅಂದೆ.

"ಅವ್ವಾ, ಪ್ರಸಾದ ಹಂಚಲಿ ತಡಿ," ಅಂದ ಸಿದ್ಧಾರೂಢ.

"ಮೊದಲ ಪುರಾಣ, ಆಮ್ಯಾಲ ಪ್ರಸಾದ."

ನಿನ್ನ ಕಾಗದ ಬಿಚ್ಚಿ ಮೊದಲಿನಿಂದ ಓದಿದೆ. 'ಅದು ಕ್ಯಾನ್ಸರ್' ಅನ್ನುವಲ್ಲಿಗೆ ಬಂದಾಗ ನಿಮ್ಮಪ್ಪ "ಅವ್ವಾ!" ಅಂತ ಹಾರಿ ಬಂದು ಎರಡೂ ರಟ್ಟೆ ಹಿಡಿದುಕೊಂಡ, ನಾನು ಈಗಲೇ ಬೀಳುತ್ತೇನೆ ಅನ್ನುವ ಹಾಗೆ.

"ಬಿಡೋ. ಹೆಸರು ಕೇಳೇನಿ, ಸತ್ತಿಲ್ಲ. ಪುರಾವೆ ಬೇಕಂದ್ರ ಇನ್ನೊಮ್ಮೆ ಓದತೇನಿ ನೋಡು," ಅಂದು ಇನ್ನೊಮ್ಮೆ ಓದಿದೆ.

ಅವನು ಅಲ್ಲೇ ಕುಸಿದು ಕೂತ. "ಲಗಮವ್ವ ದೊಡ್ಡವ್ವ ತಿಂಗಳದಾಗ ಹೋದಳಲ್ಲವ್ವಾ. ನೀನೂ ಹೋದರ ನಾ ಏನ ಮಾಡಲಿ?" ಅಂತ ಸಣ್ಣ ಹುಡುಗನ ಹಾಗೆ ಅತ್ತ. ಸೆರಗಿನಿಂದ ಅವನ ಕಣ್ಣು ಒರೆಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಬೈಯುವುದು ಬಿಡಲಿಲ್ಲ.

"ಜೂನ್ ಇಪ್ಪತ್ನಾಲ್ಕು! ಇವತ್ತಿಗೆ ಎಷ್ಟು ದಿನಾ ಆತು? ನಿಮ್ಮಪ್ಪನ ಕಬ್ಬಿಗೆ ರೋಗ ಬಿದ್ದಾಗ ಮುಚ್ಚಿ ಇಡಬ್ಯಾಡ ಅಂತ ಹೊಡದಾಡಿದಾಕಿ ನಾ. ನನ್ನ ಮೈಯಂದ್ರ ನಿನಗ ಬೀಜದ ಕಬ್ಬೇನೋ? ಊರಿಗೆ ಗೊತ್ತಾದ್ರ ಯಾರೂ ಒಯ್ಯಂಗಿಲ್ಲ ಅಂತ ಮುಚ್ಚಿಟ್ಟಿ?"

ನಾಗರತ್ನಾ ಬಾಯಿ ತೆರೆದಳು. "ನೀ ಬಳ್ಳೊಳ್ಳಿ ಸುಲಿ, ಹೋಗು," ಅಂದೆ.

ಆಮೇಲೆ ಒಳಗೆ ಹೋಗಿ ನನ್ನ ಹೆಸರಿನ ತಾಟು ತಂದೆ. ಐದು ಕಡುಬು ಹಾಕಿ ನಡುವೆ ಇಟ್ಟೆ. ನೀನು ಎರಡು ಸಲ ಓದು ಅಂದ ಸಾಲನ್ನು ಮೂರು ಸಲ ಓದಿದೆ. ಮೀನಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು.

"ಯಾಕ ಮಾಡಿದಿ?" ಅಂತ ಕೇಳಿದೆ.

"ನನಗೂ ಎದಿ ಐತೆಲ್ರಿ ಅತ್ತಿ," ಅಂದಳು. "ಅಂಜಿದ್ನಿರಿ."

ಅಂದವಳೇ ಬಂದು, ಆ ತಾಟಿನಿಂದ ಒಂದು ಕಡುಬು ತೆಗೆದುಕೊಂಡು, ಅರ್ಧ ತಾನು ತಿಂದು ಅರ್ಧ ನನ್ನ ಬಾಯಿಗೆ ಹಿಡಿದಳು. ಆ ಒಂದು ಮಾತಿಗೆ ಅವಳನ್ನು ಅರ್ಧ ಕ್ಷಮಿಸಿದೆ. ಉಳಿದರ್ಧ ಆಪರೇಷನ್ ಆದ ಮೇಲೆ ನೋಡೋಣ.

ಈಗ ನನ್ನ ಪಾಳಿ. ನಿನಗೆ ಅಷ್ಟು ಬೈದೆನಲ್ಲ, ಬೈದದ್ದರಲ್ಲಿ ಒಂದಕ್ಷರ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಲೆಕ್ಕಕ್ಕೆ ನಾನೂ ಬರಬೇಕು. ಮೊದಲನೆಯ ಕಾಗದದಲ್ಲಿ ಗುಲಗಂಜಿಯಷ್ಟು ಅಂತ ಬರೆದೆ, ಹೋದ ತಿಂಗಳು ಕೈಗೆ ಹತ್ತಿತು ಅಂತ ಬರೆದೆ. ಎರಡೂ ಸುಳ್ಳು. ಅದು ಕೈಗೆ ಹತ್ತಿದ್ದು ಹೋದ ದೀಪಾವಳಿಯ ಎಣ್ಣೆ ಸ್ನಾನಕ್ಕೆ. ಆಗ ಗುಲಗಂಜಿಯಷ್ಟಿತ್ತು. ದಿನಾ ಮುಟ್ಟಿ ನೋಡುತ್ತಿದ್ದೆ. ತೊಗರಿ ಆಯಿತು, ಕಡಲೆ ಆಯಿತು, ಬಾರಿಕಾಯಿ ಆಯಿತು. ಏಳು ತಿಂಗಳು ಕುಪ್ಪಸದ ಗಂಟು ಬಿಗಿ ಮಾಡಿಕೊಂಡು ಸುಮ್ಮನಿದ್ದೆ. ಕೊನೆಗೆ ಕುಪ್ಪಸಕ್ಕೇ ಒತ್ತತೊಡಗಿದಾಗ ಮೀನಾ ಕಂಡಳು. ಯಾಕೆ ಹೇಳಲಿಲ್ಲ ಅಂದರೆ, ನಾನು ಸಾವಿಗೆ ಅಂಜಲಿಲ್ಲ, ಲಗಮವ್ವನ ತಾಟಿಗೆ ಅಂಜಿದೆ.

ಕಾರ್ಖಾನೆಯ ಸಾಹೇಬನ ಮೇಜು ಅಲುಗಾಡಿಸಿದವಳು ನನ್ನ ಮೈಯ ಸುದ್ದಿಗೆ ಬಾಯಿ ಹೊಲಿದುಕೊಂಡೆ. ಎಲ್ಲ ವಾಲೀಕಾರರಿಗೂ ಮೊದಲು ಮೂಕಿಯಾದವಳು ನಾನು. ಈ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ ಹೇಳು? ಕನ್ನಡಿಯನ್ನು ಬೈದೆ. ಅದೂ ಸುಮ್ಮನೆ ತಿರುಗಿ ನೋಡಿತು.

ಬೆಳಗಾವಿಯಲ್ಲಿ ಸ್ಕ್ಯಾನ್ ಆಯಿತು. ಎದೆ ಮತ್ತು ಕಂಕುಳು ಬಿಟ್ಟು ಎಲ್ಲಿಯೂ ಕಂಡಿಲ್ಲ. ತಾರೀಖು ಇಪ್ಪತ್ತೈದಕ್ಕೆ ಆಪರೇಷನ್. ನಾನೇ ಹ್ಞೂಂ ಅಂದದ್ದು.

ಆಯಿ


ಬೆಳಗಾವಿ, ದವಾಖಾನೆ
24 ಸೆಪ್ಟೆಂಬರ್ 2024

ಸ್ನೇಹಲ್,

ನೀನು ನಾಳೆ ನಸುಕಿನ ಬಸ್ಸಿಗೆ ಬಂದಿಳಿಯುವ ಹೊತ್ತಿಗೆ ನನ್ನನ್ನು ಒಳಗೆ ಒಯ್ದಿರುತ್ತಾರಂತೆ. ಅದಕ್ಕೇ ಬರೆದು ಮೀನಾಳ ಕೈಯಲ್ಲಿ ಕೊಟ್ಟಿದ್ದೇನೆ. ಅವಳು ಬಿಚ್ಚಿ ಓದಿದರೂ ಚಿಂತೆಯಿಲ್ಲ. ಇನ್ನು ನಮ್ಮ ಮನೆಯಲ್ಲಿ ಮುಚ್ಚಿದ ಕಾಗದ ಇರುವುದಿಲ್ಲ.

ಮಧ್ಯಾಹ್ನ ಒಬ್ಬ ಹುಡುಗಿ ಒಪ್ಪಿಗೆಯ ಫಾರ್ಮು ತಂದಳು. ನನ್ನ ಮಂಚದ ಮುಂದಿನಿಂದಲೇ ನಡೆದು ಹೋಗಿ ನಿಮ್ಮಪ್ಪನ ಕೈಗೆ ಪೆನ್ನು ಕೊಟ್ಟಳು. "ಅಜ್ಜಿಯ ಪರವಾಗಿ ಇಲ್ಲಿ ಸಹಿ ಮಾಡ್ರಿ ಸರ್" ಅಂದಳು.

"ಏ ತಂಗಿ, ಎದಿ ಅವಂದೇನ?" ಅಂದೆ.

ವಾರ್ಡಿನಲ್ಲಿದ್ದ ಅಷ್ಟೂ ಹೆಂಗಸರು ನಕ್ಕರು. ಆ ಹುಡುಗಿ ಕೆಂಪಗಾದಳು. ನಿಮ್ಮಪ್ಪ ತಾನೇ ಎದ್ದು ಬಂದು ಫಾರ್ಮು ನನ್ನ ತೊಡೆಯ ಮೇಲೆ ಇಟ್ಟ. "ಕನ್ನಡದಾಗ ಓದಿ ಹೇಳ್ರಿ ಅವರಿಗೆ, ಎಲ್ಲಾ," ಅಂತ ಅವಳಿಗೆ ಹೇಳಿದ. ಇದನ್ನು ಅವನ ಹೆಸರಿನಲ್ಲಿ ಜಮಾ ಮಾಡಿಕೋ. ಎಲ್ಲ ಕೇಳಿ, ತಿಳಿಯದ್ದನ್ನು ಎರಡು ಸಲ ಕೇಳಿ, 'ಚನ್ನವ್ವ' ಅಂತ ಸಹಿ ಮಾಡಿದೆ. ತಾಟಿನ ಮೇಲೆ ಇದ್ದದ್ದಕ್ಕಿಂತ ಚೆನ್ನಾಗಿ ಬಂದಿದೆ.

ಕೆಳಗೆ ಇನ್ನೊಂದು ಸಾಲಿತ್ತು. ತೆಗೆದ ಗಡ್ಡೆಯನ್ನು ಕಲಿಯುವವರು ನೋಡಲು ಕೊಡುತ್ತೀರಾ ಅಂತ. ಅದಕ್ಕೂ ಸಹಿ ಮಾಡಿದೆ. ಒಯ್ಯಲಿ. ಸೀಳಿ ನೋಡಲಿ. ಹತ್ತು ತಿಂಗಳು ನನ್ನ ಅನ್ನ ತಿಂದು ಬೆಳೆದದ್ದು, ಯಾರಿಗಾದರೂ ಒಂದು ಅಕ್ಷರ ಕಲಿಸಿ ಹೋಗಲಿ.

ಒಂದೇ ಒಂದು ಕೇಳುತ್ತೇನೆ. ಅದರ ರಿಪೋರ್ಟು ಬಂದಾಗ ನೀನು ಓದು. ಗಡ್ಡೆಯ ಬಾಗಿಲಲ್ಲಿ ನನ್ನ ವಾಲೀಕಾರರು ಇದ್ದರೋ ಇಲ್ಲವೋ, ಪೈಲವಾನರು ಒಳಗೆ ನುಗ್ಗಿದ್ದರೋ ಹೊರಗೇ ಮಲಗಿದ್ದರೋ, ಕಂಕುಳಲ್ಲಿ ಎಷ್ಟು ಗಂಟು ಕೆಟ್ಟಿವೆ, ಎಲ್ಲ ಬಿಡದೆ ಬರೆ. ಒಳ್ಳೆಯದಿದ್ದರೆ ಒಳ್ಳೆಯದು, ಕೆಟ್ಟದ್ದಿದ್ದರೆ ಕೆಟ್ಟದ್ದು. ಮೇಜಿಗೆ ಹೊಡೆದ ಹಾಗೆ ಬರೆ.

ಪಾಕೀಟಿನ ಮೇಲೆ ಹೆಸರು ನನ್ನದು ಹಾಕು.

ಆಯಿ